ದಿಯೊಕ್ಲೇತಿಯಾನ ಚಕ್ರವರ್ತಿಯ ಚರಿತ್ರೆ

ಕರ್ತನು ಹುಟ್ಟಿದ ಕಾಲದಲ್ಲಿ ಔಗುಸ್ತ ಕೈಸರನು ಖಾನೇಷುಮಾರಿ ಬರೆಯಿಸಿದನೆಂಬುದನ್ನು ಲೂಕನ ಸುವಾರ್ತೆಯಲ್ಲಿ ನೀವೆಲ್ಲರೂ ಓದಿದ್ದೀರಿ. ಪೌಲನು ತನ್ನ ನ್ಯಾಯವು ಕೈಸರನ ಮುಂದೆಯೇ ತೀರಬೇಕೆಂದು ಬೇಡಿಕೊಂಡದ್ದನ್ನು ಅಪೊಸ್ತಲರ ಕೃತ್ಯಗಳಲ್ಲಿ ಓದಿದ್ದೀರಿ. ಆ ಕೈಸರರ ರಾಜ್ಯವು ಹೇಗೆ ಎದ್ದಿತು, ಹೇಗೆ ನಿಂತಿತು, ಕಡೆಗೆ ಏನಾಯಿತು ಎಂಬುದನ್ನೆಲ್ಲಾ ವಿಸ್ತರಿಸುವದಕ್ಕೆ ಈ ಪುಟಗಳು ಸಾಲವು. ಆದಕಾರಣ ಆ ರಾಜ್ಯದ ನಡುಗಾಲದಲ್ಲಿ ನಿಂತ ಒಬ್ಬ ಮನುಷ್ಯನ ಚರಿತ್ರೆಯನ್ನು ಮಾತ್ರ ಬರೆಯುತ್ತೇವೆ. ಬೀಳುತ್ತಿದ್ದ ಮನೆಗೆ ಊರೆಗೋಲು ಕೊಟ್ಟು ನಿಲ್ಲಿಸಿದವನು ಇವನೇ. ದೇವರ ಸಭೆಯನ್ನು ಬೇರುಸಹಿತ ಕೀಳಬೇಕೆಂದು ಕೈಯಿಟ್ಟವನೂ ಇವನೇ.

ಮೊದಲು ಆ ಮನೆಯ ಸಂಗತಿಯನ್ನು ಸ್ವಲ್ಪ ತಿಳಿಯಬೇಕು. ಕ್ರಿಸ್ತಪೂರ್ವ ೩೧ರಲ್ಲಿ ಔಗುಸ್ತನು ಅಕ್ತಿಯವೆಂಬಲ್ಲಿ ಸಮುದ್ರಯುದ್ಧವನ್ನು ಗೆದ್ದು, ಕ್ರಿಸ್ತಪೂರ್ವ ೨೭ರಿಂದ ಒಬ್ಬನೇ ಆಳುವವನಾದನು. ರೋಮಾಪುರದವರು ಅರಸನೆಂಬ ಹೆಸರನ್ನು ಹಗೆಮಾಡುತ್ತಿದ್ದರಾದ ಕಾರಣ ಅವನು ಆ ಹೆಸರನ್ನು ತಕ್ಕೊಳ್ಳಲಿಲ್ಲ. ಹಿರಿಯರ ಸಭೆಯನ್ನು ಹಾಗೆಯೇ ಕೂತಿರಗೊಟ್ಟು, ದಂಡನ್ನೂ ಹಣವನ್ನೂ ಮಾತ್ರ ತನ್ನ ಕೈಯಲ್ಲಿಟ್ಟುಕೊಂಡನು. ಜಾಣತನವೆಂದರೆ ಇದೇ. ಅವನ ತರುವಾಯ ತ್ರಾಯಾನನು ೧೧೭ರಲ್ಲಿ ಸಾಯುವಷ್ಟರಲ್ಲಿ ಆ ರಾಜ್ಯವು ಬ್ರಿತಾನ್ಯದಿಂದ ಯೂಫ್ರೇಟೀಸ್ ನದಿಯ ಆಚೆಯ ವರೆಗೂ ಹಬ್ಬಿತ್ತು. ಕಲ್ಲುಹಾಸಿದ ದಾರಿಗಳೂ, ಐಗುಪ್ತದಿಂದ ಹಡಗಿನಲ್ಲಿ ಬರುವ ಗೋದಿಯೂ, ಎಲ್ಲಾ ಸೀಮೆಗಳಲ್ಲಿ ನಡೆಯುವ ಒಂದೇ ಕಾಯಿದೆಯೂ ಅದನ್ನು ಕಟ್ಟಿಹಾಕಿದ್ದವು. ೨೧೨ರಲ್ಲಿ ದಾಸರಲ್ಲದ ಪ್ರಜೆಗಳೆಲ್ಲರೂ ರೋಮಾ ಪೌರರೆಂದು ಎಣಿಸಲ್ಪಟ್ಟರು. ಪೌಲನು ಸಹಸ್ರಾಧಿಪತಿಯ ಮುಂದೆ ಹೇಳಿಕೊಂಡ ಆ ಹಕ್ಕು ಈಗ ಹೊಲ ಉಳುವವನಿಗೂ ದೊರಕಿತು.

ಆದರೆ ಈ ದೊಡ್ಡ ಕಟ್ಟಡದಲ್ಲಿ ಒಂದು ಬಿರುಕು ಮೊದಲಿನಿಂದಲೂ ಇತ್ತು. ಕೈಸರನು ಸತ್ತರೆ ಮುಂದೆ ಯಾರು ಎಂಬುದಕ್ಕೆ ನಿಯಮವೇ ಇರಲಿಲ್ಲ. ದಂಡು ಯಾರನ್ನು ಎತ್ತಿತೋ ಅವನೇ ಕೈಸರನು. ೨೩೫ರಿಂದ ೨೮೪ರ ವರೆಗೆ ಐವತ್ತು ವರುಷದೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಆ ಪಟ್ಟಕ್ಕೆ ಬಂದರು. ಅವರಲ್ಲಿ ಹಾಸಿಗೆಯ ಮೇಲೆ ಸತ್ತವರು ಬಹು ಸ್ವಲ್ಪ. ೨೬೦ರಲ್ಲಿ ವಲೇರಿಯಾನ ಕೈಸರನು ಪಾರಸಿಯ ರಾಜನಾದ ಶಾಪೂರನ ಕೈಗೆ ಜೀವಸಹಿತ ಸಿಕ್ಕಿ, ಸೆರೆಯಲ್ಲಿಯೇ ಸತ್ತನು. ಪಶ್ಚಿಮದಲ್ಲಿ ಗಾಲ್ ದೇಶದವರು ಬೇರೆಯಾದರು. ಪೂರ್ವದಲ್ಲಿ ಪಲ್ಮೂರದ ರಾಣಿಯು ಬೇರೆಯಾದಳು. ಮರಣಕರವಾದ ಜಾಡ್ಯವು ಊರೂರು ತಿರುಗಿತು. ಬೆಳ್ಳಿಯ ನಾಣ್ಯವು ಮೇಲೆ ಮಾತ್ರ ಬೆಳ್ಳಿಯ ಬಣ್ಣವುಳ್ಳ ತಾಮ್ರವಾಯಿತು. ಔರೇಲಿಯಾನನು ೨೭೪ರೊಳಗೆ ಒಡೆದುಹೋದ ಭಾಗಗಳನ್ನು ತಿರಿಗಿ ಕೂಡಿಸಿದನಾದರೂ ಮರುವರುಷವೇ ತನ್ನ ಸರದಾರರಿಂದ ಹತನಾದನು.

ಇಂಥಾ ಕಾಲದಲ್ಲಿ ದಲ್ಮಾತ್ಯ ಸೀಮೆಯ ಸಲೋನವೆಂಬ ಪಟ್ಟಣದ ಹತ್ತಿರ, ಸುಮಾರು ೨೪೪ರಲ್ಲಿ, ದಿಯೊಕ್ಲೆಸ್ ಎಂಬ ಹುಡುಗನು ಹುಟ್ಟಿದನು. ತೀತನು ಹೋದನೆಂದು ಪೌಲನು ತಿಮೊಥೆಯನಿಗೆ ಬರೆದ ದಲ್ಮಾತ್ಯವು ಇದೇ. ಹುಡುಗನ ಕುಲವು ಹೀನವಾದದ್ದು. ಅವನ ತಂದೆ ಒಬ್ಬ ಹಿರಿಯನ ಮನೆಯಲ್ಲಿ ಬಿಡುಗಡೆಹೊಂದಿದ ದಾಸನೆಂದು ಕೆಲವರೂ, ಲೆಕ್ಕ ಬರೆಯುವವನೆಂದು ಕೆಲವರೂ ಬರೆದಿದ್ದಾರೆ. ಇವನು ದಂಡಿಗೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೈಸರನ ಮೈಗಾವಲಿನವರ ಅಧಿಪತಿಯಾದನು. ಕೆಳಗಿನಿಂದ ಮೇಲಕ್ಕೆ ಬಂದವನ ಗುಣಗಳು ಅವನಲ್ಲಿ ಕಡೆಯ ವರೆಗೂ ಇದ್ದವು: ಲೆಕ್ಕದಲ್ಲಿ ಬಿಗಿ, ಮನಸ್ಸನ್ನು ಹೊರಗೆ ತೋರಿಸದಿರುವಿಕೆ, ಹಳೆಯ ಪದ್ಧತಿಗಳ ಮೇಲೆ ಭಕ್ತಿ.

೨೮೪ರಲ್ಲಿ ಪಾರಸಿಯ ಯುದ್ಧದಿಂದ ದಂಡು ಹಿಂದಿರುಗುತ್ತಿದ್ದಾಗ ನುಮೇರಿಯಾನನೆಂಬ ಎಳೆಯ ಕೈಸರನು ಕಣ್ಣುನೋವೆಂದು ಮುಚ್ಚಿದ ಡೋಲಿಯಲ್ಲಿ ಪ್ರಯಾಣಮಾಡುತ್ತಿದ್ದನು. ಕೆಲವು ದಿವಸಗಳಾದ ಮೇಲೆ ದುರ್ವಾಸನೆ ಬರಲು, ಸಿಪಾಯಿಗಳು ಪರದೆಯನ್ನು ತೆಗೆದು ನೋಡಿ ಅವನು ಸತ್ತಿರುವದನ್ನು ಕಂಡರು. ನವೆಂಬರ್ ೨೦ರಲ್ಲಿ ನಿಕೊಮೇದ್ಯ ಪಟ್ಟಣದ ಬಳಿಯಲ್ಲಿ ದಂಡು ಕೂಡಿ ದಿಯೊಕ್ಲೆಸನನ್ನು ಕೈಸರನಾಗಿ ಆರಿಸಿತು. ಅವನು ಸೂರ್ಯನ ಕಡೆಗೆ ನೋಡಿ ತಾನು ಈ ಹತ್ಯದಲ್ಲಿ ನಿರ್ದೋಷಿಯೆಂದು ಆಣೆಯಿಟ್ಟು, ಸತ್ತವನ ಮಾವನಾದ ಅಪೆರ್ ಎಂಬ ಅಧಿಪತಿಯೇ ಕೊಲೆಗಾರನೆಂದು ತೋರಿಸಿ, ವಿಚಾರಣೆಯಿಲ್ಲದೆ ಎಲ್ಲರ ಮುಂದೆ ಸ್ವಂತ ಕತ್ತಿಯಿಂದ ಅವನನ್ನು ಇರಿದನು. ಬಾಯಿ ಬಿಡಬೇಕಾದವನ ಬಾಯಿ ಹೀಗೆ ಮುಚ್ಚಿತು. ವಾಚಕರು ಇದನ್ನು ಹೇಗೆ ತಿಳುಕೊಂಡರೂ ಸರಿಯೇ. ಆ ಹೊತ್ತಿನಿಂದ ಅವನ ಹೆಸರು ದಿಯೊಕ್ಲೇತಿಯಾನನೆಂದಾಯಿತು. ಸತ್ತವನ ಅಣ್ಣನಾದ ಕರೀನನು ಪಶ್ಚಿಮದಿಂದ ಎದುರಿಗೆ ಬಂದು, ೨೮೫ರಲ್ಲಿ ಮಾರ್ಗ ನದಿಯ ಬಳಿಯಲ್ಲಿ ತನ್ನವರ ಕೈಯಿಂದಲೇ ಸತ್ತನು. ಗೆದ್ದವನು ಸೋತವನ ಉದ್ಯೋಗಸ್ಥರಲ್ಲಿ ಬಹುಜನರನ್ನು ಅವರವರ ಕೆಲಸದಲ್ಲಿಯೇ ಇರಿಸಿಕೊಂಡನು. ಆ ಕಾಲದಲ್ಲಿ ಇಂಥಾ ದಯೆಯು ಅಪರೂಪ.

ಅವನು ಬುದ್ಧಿವಂತನಾಗಿದ್ದನೆಂಬುದಕ್ಕೆ ಸಾಕ್ಷಿ ಯಾವದೆಂದರೆ, ಇಷ್ಟು ದೊಡ್ಡ ರಾಜ್ಯವನ್ನು ತಾನೊಬ್ಬನೇ ಕಾಯಲಾರೆನೆಂದು ಅವನು ತಿಳಿದದ್ದೇ. ಒಬ್ಬ ಕೈಸರನು ಪೂರ್ವದಲ್ಲಿ ಪಾರಸಿಯರ ಸಂಗಡ ಕಾದುತ್ತಿರುವಾಗ ಪಶ್ಚಿಮದಲ್ಲಿ ಗೆರ್ಮಾನ್ಯರು ರೈನ್ ನದಿಯನ್ನು ದಾಟುತ್ತಿದ್ದರು. ಅವರನ್ನು ಓಡಿಸಿದ ದಳಪತಿಯನ್ನು ಅವನ ಸಿಪಾಯಿಗಳೇ ಕೈಸರನಾಗಿ ಎತ್ತುತ್ತಿದ್ದರು. ಹೀಗಿರಲಾಗಿ ಅವನು ೨೮೬ರಲ್ಲಿ ತನ್ನ ಹಳೆಯ ಜೊತೆಗಾರನಾದ ಮಕ್ಸಿಮಿಯಾನನನ್ನು ಸಮಾನಪದವಿಯ ಔಗುಸ್ತನನ್ನಾಗಿ ಮಾಡಿ ಪಶ್ಚಿಮವನ್ನು ಅವನಿಗೆ ಒಪ್ಪಿಸಿದನು. ೨೯೩ನೇ ಮಾರ್ಚ್ ೧ರಲ್ಲಿ ಇಬ್ಬರಿಗೂ ಕೈಕೆಳಗೆ ಒಬ್ಬೊಬ್ಬ ಕಿರಿಯ ಕೈಸರನನ್ನು ನೇಮಿಸಿದನು: ಪಶ್ಚಿಮದಲ್ಲಿ ಕೊನ್ಸ್ತಾಂತಿಯ, ಪೂರ್ವದಲ್ಲಿ ಗಲೇರಿಯ. ತನ್ನ ಮಗಳಾದ ವಲೇರಿಯಳನ್ನು ಗಲೇರಿಯನಿಗೆ ಕೊಟ್ಟನು. ಹಿರಿಯರು ಇಳಿದಾಗ ಕಿರಿಯರು ಏರಬೇಕು, ಆಗ ಕತ್ತಿಗೆ ಕೆಲಸವಿರದು ಎಂಬದು ಅವನ ಆಲೋಚನೆ. ತಾನು ನಿಕೊಮೇದ್ಯದಲ್ಲಿಯೂ, ಮಕ್ಸಿಮಿಯಾನನು ಮಿಲಾನಿನಲ್ಲಿಯೂ, ಕೊನ್ಸ್ತಾಂತಿಯನು ತ್ರಿಯೆರಿನಲ್ಲಿಯೂ ವಾಸಮಾಡಿದರು. ರೋಮಾಪುರವು ಹೆಸರಿಗೆ ಮಾತ್ರ ರಾಜಧಾನಿಯಾಗಿ ಉಳಿಯಿತು.

ಸುಮಾರು ಐವತ್ತಾಗಿದ್ದ ಸೀಮೆಗಳನ್ನು ಅವನು ಒಡೆದು ಸುಮಾರು ನೂರು ಮಾಡಿ, ಅವುಗಳನ್ನು ೧೨ ದೊಡ್ಡ ವಿಭಾಗಗಳಾಗಿ ಕೂಡಿಸಿದನು. ಆ ವಿಭಾಗಕ್ಕೆ ಡಯೊಸೀಸ್ ಎಂದು ಹೆಸರು. ಸಭೆಯು ಮುಂದೆ ಆ ಹೆಸರನ್ನೇ ತಕ್ಕೊಂಡಿತು. ಹೀಗೆ ನಮ್ಮ ಕನ್ನಡ ಸಭೆಗಳಲ್ಲಿಯೂ ಬಿಷಪರ ಪ್ರಾಂತಕ್ಕೆ ಹೇಳುವ ಈ ಮಾತು ಸಭೆಯನ್ನು ಹಿಂಸಿಸಿದವನ ಕಚೇರಿಯಿಂದ ಬಂದದ್ದಾಗಿದೆ. ಸೀಮೆಯ ಅಧಿಕಾರಿಗೆ ದಂಡಿನ ಮೇಲೆ ಕೈಯಿಲ್ಲದಂತೆಯೂ, ದಳಪತಿಗೆ ಹಣದ ಮೇಲೆ ಕೈಯಿಲ್ಲದಂತೆಯೂ ಮಾಡಿದನು. ಇದಲ್ಲದೆ ಕೈಸರನನ್ನು ಸಿಪಾಯಿಗಳು ಸಲಿಗೆಯಿಂದ ಮುಟ್ಟಿ ಮಾತಾಡುವದನ್ನು ನಿಲ್ಲಿಸಿ, ರತ್ನ ಹೊಲಿದ ಉಡುಪಿನಲ್ಲಿ ಪರದೆಯ ಹಿಂದೆ ಕೂತು, ಬಂದವರು ಅಡ್ಡಬಿದ್ದು ತನ್ನ ವಸ್ತ್ರದ ಅಂಚಿಗೆ ಮುದ್ದಿಡುವಂತೆ ನೇಮಿಸಿದನು. ತಾನು ಯೂಪಿತರನೆಂಬ ದೇವತೆಯ ಕಡೆಯವನೆಂದು ಬಿರುದು ಇಟ್ಟುಕೊಂಡನು.

ಇವೆಲ್ಲಾ ನಡೆಯಬೇಕಾದರೆ ಹಣ ಬೇಕು. ನಾಲ್ಕು ಅರಮನೆಗಳು, ಹೆಚ್ಚಿದ ದಂಡು, ಇಮ್ಮಡಿಯಾದ ಉದ್ಯೋಗಸ್ಥರು! ಕೊಡುವವರಿಗಿಂತ ತಕ್ಕೊಳ್ಳುವವರೇ ಹೆಚ್ಚಾದರೆಂದು ಆ ಕಾಲದ ಕ್ರೈಸ್ತ ಪಂಡಿತನಾದ ಲಕ್ತಾಂತಿಯನು ದೂರಿದ್ದಾನೆ. ಅವನು ಸಿಟ್ಟಿನಿಂದ ಹೆಚ್ಚಿಸಿ ಬರೆದಿರಬಹುದು, ಆದರೂ ಸುಳ್ಳಲ್ಲ. ಹೊಲಗಳನ್ನು ಅಳೆದು, ಮಣ್ಣಿನ ಗುಣವನ್ನು ಗೊತ್ತುಮಾಡಿ, ಬಳ್ಳಿಗಳನ್ನೂ ಮರಗಳನ್ನೂ ಎಣಿಸಿ, ಜನರ ತಲೆಗಳನ್ನೂ ದನಗಳನ್ನೂ ಬರೆದುಕೊಂಡು ಕಂದಾಯ ಕಟ್ಟಿದರು. ಬಹುಕಾಲದಿಂದ ಭೂಕಂದಾಯವಿಲ್ಲದಿದ್ದ ಇತಾಲ್ಯಕ್ಕೂ ಅದು ಬಂತು. ನಾಣ್ಯವು ಕೆಟ್ಟಿದ್ದರಿಂದ ಬಹಳ ಭಾಗವನ್ನು ಧಾನ್ಯವಾಗಿಯೂ ಬಟ್ಟೆಯಾಗಿಯೂ ವಸೂಲುಮಾಡಿದರು. ಪಟ್ಟಣದ ಹಿರಿಯರು ಕಡಿಮೆಬಿದ್ದದ್ದನ್ನು ಸ್ವಂತ ಗಂಟಿನಿಂದ ಕಟ್ಟಬೇಕಾದ್ದರಿಂದ ಅವರು ಹಳ್ಳಿಯವರನ್ನು ಹಿಂಡಿದರು. ಹಳ್ಳಿಯವರು ಹೊಲ ಬಿಟ್ಟು ಓಡಿದರು. ಹಾಗೆ ಓಡದಂತೆ ಗೇಣಿಯಾಳನ್ನು ಭೂಮಿಗೆ ಕಟ್ಟಿಹಾಕುವ ಕಾಯಿದೆಯು ಮುಂದೆ ೩೩೨ರಲ್ಲಿ ಕ್ರೈಸ್ತ ಚಕ್ರವರ್ತಿಯಾದ ಕೊನ್ಸ್ತಂತೀನನ ಕೈಯಿಂದಲೇ ಹೊರಟಿತೆಂಬುದನ್ನು ನಾವು ಮುಚ್ಚಿಡಬಾರದು.

೩೦೧ರಲ್ಲಿ ಅವನು ಹೊರಡಿಸಿದ ಬೆಲೆಯ ಆಜ್ಞೆಯು ಲೋಕಪ್ರಸಿದ್ಧವಾದದ್ದು. ಸಾವಿರದ ಇನ್ನೂರಕ್ಕೂ ಹೆಚ್ಚು ಪದಾರ್ಥಗಳಿಗೂ ಕೂಲಿಗಳಿಗೂ ಇದಕ್ಕಿಂತ ಹೆಚ್ಚು ತಕ್ಕೊಳ್ಳಬಾರದೆಂದು ಬೆಲೆ ಕಟ್ಟಿ, ಕಲ್ಲಿನಲ್ಲಿ ಕೆತ್ತಿಸಿ ಸಂತೆಗಳಲ್ಲಿ ನಿಲ್ಲಿಸಿದರು. ಆ ಕಲ್ಲುಗಳ ಚೂರುಗಳು ಇಂದಿಗೂ ಸಿಕ್ಕುತ್ತವೆ. ಹೊಲದ ಕೂಲಿಯಾಳಿಗೆ ಊಟದ ಹೊರತು ದಿನಕ್ಕೆ ೨೫ ದಿನಾರಿ; ಕುರಿ ಕಾಯುವವನಿಗೆ ೨೦; ಬಡಗಿಗೆ ೫೦; ಕ್ಷೌರಿಕನಿಗೆ ತಲೆಗೆ ೨; ಓದುಬರಹ ಕಲಿಸುವ ಉಪಾಧ್ಯಾಯನಿಗೆ ಹುಡುಗನೊಬ್ಬನಿಂದ ತಿಂಗಳಿಗೆ ೫೦. ಆದರೆ ದಂಡಿನ ಮಾಪಿನ ಒಂದು ಅಳತೆ ಗೋದಿಗೆ ೧೦೦ ದಿನಾರಿ! ಆ ಒಂದು ಅಳತೆಗಾಗಿ ಕೂಲಿಯವನು ನಾಲ್ಕು ದಿನ ಬೆನ್ನು ಬಗ್ಗಿಸಬೇಕಾಯಿತು. ಮೀರಿದವರಿಗೆ ಮರಣದಂಡನೆ. ಕೆಲಸಕ್ಕೆ ಬಾರದ ಸಾಮಾನುಗಳಿಗಾಗಿ ರಕ್ತ ಸುರಿಯಿತು. ವರ್ತಕರು ಸರಕನ್ನು ಅಡಗಿಸಿದರು. ಬೆಲೆ ಮತ್ತಷ್ಟು ಏರಿತು. ಕಡೆಗೆ ಆಜ್ಞೆಯು ತಾನಾಗಿಯೇ ಬಿದ್ದುಹೋಯಿತು. ಗಡಿಗಳನ್ನು ಕಾಯುವದರಲ್ಲಿ ಮಾತ್ರ ಅವನ ಏರ್ಪಾಡು ಸಫಲವಾಯಿತು. ೨೯೮ರಲ್ಲಿ ಅಲೆಕ್ಸಾಂದ್ರಿಯದ ದಂಗೆ ಅಡಗಿತು. ಅದೇ ವರುಷ ಗಲೇರಿಯನು ಪಾರಸಿಯರನ್ನು ಸೋಲಿಸಿದನು.

ಇನ್ನು ಸಭೆಯ ಸಂಗತಿ. ೨೬೦ರಲ್ಲಿ ಗಲ್ಲಿಯೇನ ಕೈಸರನು ಹಿಂಸೆಯನ್ನು ನಿಲ್ಲಿಸಿದಂದಿನಿಂದ ನಾಲ್ವತ್ತು ವರುಷ ಕ್ರೈಸ್ತರಿಗೆ ಸಮಾಧಾನವಿತ್ತು. ದಿಯೊಕ್ಲೇತಿಯಾನನು ಸಹ ಬಹು ವರುಷ ಅವರ ಗೊಡವೆಗೆ ಹೋಗಲಿಲ್ಲ. ಅವನ ಅರಮನೆಯ ನಂಬಿಕೆಯ ಸೇವಕರೊಳಗೆ ಕ್ರೈಸ್ತರಿದ್ದರು. ನಿಕೊಮೇದ್ಯದಲ್ಲಿ ಅರಮನೆಯಿಂದ ನೋಡಿದರೆ ಕಾಣುವ ಹಾಗೆ ಎತ್ತರದಲ್ಲಿ ದೇವಾಲಯವಿತ್ತು. ಆದರೆ ಸುಮಾರು ೨೯೯ರಲ್ಲಿ ಅವನು ಬಲಿಯ ಕರುಳನ್ನು ನೋಡಿ ಶಕುನ ಕೇಳಿದಾಗ ಪೂಜಾರಿಗಳಿಗೆ ಯಾವ ಗುರುತೂ ಕಾಣಲಿಲ್ಲ. ಹತ್ತಿರ ನಿಂತಿದ್ದ ಕ್ರೈಸ್ತ ಸೇವಕರು ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿದ್ದರಿಂದ ದೇವತೆಗಳು ದೂರವಾದರೆಂದು ಪೂಜಾರಿಯು ದೂರಿದನು. ಆಗ ದಂಡಿನಲ್ಲಿದ್ದವರು ಬಲಿಯರ್ಪಿಸಬೇಕು, ಇಲ್ಲವೆ ಕೆಲಸ ಬಿಡಬೇಕೆಂದು ಆಜ್ಞೆಯಾಯಿತು. ಗಲೇರಿಯನು ಒಂದು ಚಳಿಗಾಲವೆಲ್ಲಾ ಮಾವನ ಕಿವಿಯಲ್ಲಿ ಊದಿದನೆಂದು ಲಕ್ತಾಂತಿಯನು ಬರೆಯುತ್ತಾನೆ. ಅಳಿಯನ ಪಾಪವು ಅಳಿಯನದೇ ಸರಿ. ಆದರೂ ಮುದ್ರೆಯು ಮಾವನದು.

೩೦೩ನೇ ಫೆಬ್ರುವರಿ ೨೩ರ ಮುಂಜಾನೆ ಸಿಪಾಯಿಗಳು ನಿಕೊಮೇದ್ಯದ ದೇವಾಲಯದ ಬಾಗಿಲನ್ನು ಒಡೆದು, ಸಿಕ್ಕಿದ ಪುಸ್ತಕಗಳನ್ನು ಸುಟ್ಟು, ಕಟ್ಟಡವನ್ನು ಕೆಲವು ಗಳಿಗೆಗಳಲ್ಲಿ ನೆಲಸಮಮಾಡಿದರು. ಮರುದಿನ ಆಜ್ಞಾಪತ್ರವು ಹೊರಟಿತು. ದೇವಾಲಯಗಳನ್ನು ಕೆಡವಬೇಕು, ವೇದಪುಸ್ತಕಗಳನ್ನು ಬೆಂಕಿಗೆ ಹಾಕಬೇಕು, ಕ್ರೈಸ್ತರು ಪದವಿಗಳನ್ನು ಕಳಕೊಳ್ಳಬೇಕು. ನ್ಯಾಯಸ್ಥಾನಗಳಲ್ಲಿ ಬಲಿಪೀಠಗಳನ್ನಿಟ್ಟು, ಮೊದಲು ಧೂಪ ಹಾಕಿದವನ ಮೊಕದ್ದಮೆಯನ್ನು ಮಾತ್ರ ಕೇಳುವಂತಾಯಿತು. ಒಬ್ಬ ಕ್ರೈಸ್ತನು ಆ ಪತ್ರವನ್ನು ಎಲ್ಲರೆದುರಿಗೆ ಹರಿದುಹಾಕಿ ಸುಡಲ್ಪಟ್ಟನು. ಅದಾದ ಮೇಲೆ ಅರಮನೆಗೆ ಬೆಂಕಿ ಹತ್ತಿತು. ತಪ್ಪು ಕ್ರೈಸ್ತರ ಮೇಲೆ ಬಿತ್ತು. ದೊರೊಥೆಯ, ಗೊರ್ಗೊನಿಯ, ಪೇತ್ರ ಎಂಬ ಅರಮನೆಯ ಸೇವಕರು ಕೊಲ್ಲಲ್ಪಟ್ಟರು. ಸಭಾಧ್ಯಕ್ಷನಾದ ಅಂಥಿಮನ ತಲೆ ಹೊಡೆಯಿಸಿದರು. ಚಕ್ರವರ್ತಿಯು ತನ್ನ ಹೆಂಡತಿಯಾದ ಪ್ರಿಸ್ಕಳನ್ನೂ ಮಗಳಾದ ವಲೇರಿಯಳನ್ನೂ ಬಲಾತ್ಕಾರದಿಂದ ಬಲಿಯರ್ಪಿಸುವಂತೆ ಮಾಡಿದನು. ಆಮೇಲೆ ಬೋಧಕರನ್ನೆಲ್ಲಾ ಸೆರೆಹಿಡಿಯಲು ಕಳ್ಳರಿಗೆ ಸೆರೆಮನೆಯಲ್ಲಿ ಸ್ಥಳವಿಲ್ಲದೆ ಹೋಯಿತು. ೩೦೪ರಲ್ಲಿ ಎಲ್ಲಾ ಜನರೂ ಬಲಿಯರ್ಪಿಸಬೇಕೆಂದು ಆಜ್ಞೆಯಾಯಿತು. ಫ್ರುಗ್ಯದಲ್ಲಿ ಊರಿಗೆ ಊರೇ ಕ್ರೈಸ್ತರಾಗಿದ್ದ ಒಂದು ಸ್ಥಳವನ್ನು ಸಿಪಾಯಿಗಳು ಸುತ್ತಿಕೊಂಡು ಜನಸಹಿತ ಸುಟ್ಟರೆಂದು ಯುಸೇಬಿಯನು ಬರೆದಿದ್ದಾನೆ. ಪಶ್ಚಿಮದ ಕೊನ್ಸ್ತಾಂತಿಯನು ಮಾತ್ರ ಕೆಲವು ಗೋಡೆಗಳನ್ನು ಕೆಡವಿಸಿ, ಮನುಷ್ಯರನ್ನು ಬಿಟ್ಟುಬಿಟ್ಟನು.

ರಕ್ತಸಾಕ್ಷಿಗಳ ಕಥೆಯನ್ನು ನಾವು ಹಬ್ಬದಂತೆ ಕೇಳುತ್ತೇವೆ. ಆದರೆ ಹೆದರಿದವರ ಕಥೆಯನ್ನೂ ಹೇಳಬೇಕು. ಆಫ್ರಿಕದ ನುಮಿದ್ಯ ಸೀಮೆಯಲ್ಲಿ ಕಿರ್ತವೆಂಬ ಪಟ್ಟಣವಿತ್ತು. ೩೦೩ನೇ ಮೇ ೧೯ರಲ್ಲಿ ಅಧಿಕಾರಿಯು ಅಲ್ಲಿನ ಸಭೆ ಕೂಡುವ ಮನೆಗೆ ಬಂದು ಶೋಧಿಸಿದಾಗ ಬರೆಸಿಟ್ಟ ಪಟ್ಟಿಯು ಇಂದಿನ ವರೆಗೂ ಉಳಿದದೆ. ಚಿನ್ನದ ಪಾತ್ರೆ ೨, ಬೆಳ್ಳಿಯ ಪಾತ್ರೆ ೬, ದೀಪಗಳು ಕೆಲವು. ಇವುಗಳ ತರುವಾಯ ಹೆಂಗಸರ ಅಂಗಿ ೮೨, ಗಂಡಸರ ಅಂಗಿ ೧೬, ಗಂಡಸರ ಕೆರ ೧೩ ಜೊತೆ, ಹೆಂಗಸರ ಕೆರ ೪೭ ಜೊತೆ. ಬಡವರಿಗೂ ವಿಧವೆಯರಿಗೂ ಹಂಚುವದಕ್ಕೆ ಕೂಡಿಸಿಟ್ಟದ್ದಲ್ಲದೆ ಇವು ಬೇರೇನಿರಬಹುದು? ಸಭಾಧ್ಯಕ್ಷನಾದ ಪೌಲನೆಂಬವನು ಎದುರಿಗೆ ಕೂತಿದ್ದನು. ಅವನ ಸಹಾಯಕರು ಒಂದೊಂದೇ ತಂದು ಕೊಟ್ಟರು. ಪುಸ್ತಕಗಳು ಓದುವವರ ಮನೆಗಳಲ್ಲಿದ್ದವು. ಕಡೆಗೆ ಆ ಮನೆಗಳನ್ನೂ ತೋರಿಸಿದರು. ಅದೇ ವರುಷ ತಿಬಿಯೂಕದ ಸಭಾಧ್ಯಕ್ಷನಾದ ಫೇಲಿಕ್ಸನು ಪುಸ್ತಕಗಳುಂಟೆಂದು ಒಪ್ಪಿಕೊಂಡು, ಕೊಡುವದಿಲ್ಲವೆಂದು ಹೇಳಿ ಸತ್ತನು.

ಹಿಂಸೆ ತೀರಿದ ಮೇಲೆ ಬಿದ್ದವರು ಅಳುತ್ತಾ ತಿರಿಗಿ ಬಾಗಿಲಿಗೆ ಬಂದರು. ಅವರನ್ನು ಏನು ಮಾಡಬೇಕು? ಪುಸ್ತಕ ಒಪ್ಪಿಸಿದ ಬೋಧಕನು ಕೊಟ್ಟ ದೀಕ್ಷಾಸ್ನಾನವು ಸ್ನಾನವೋ ಅಲ್ಲವೋ? ಅಲ್ಲವೆಂದವರು ಆಫ್ರಿಕದಲ್ಲಿ ಬೇರೆ ಸಭೆ ಕಟ್ಟಿದರು. ದೊನಾತನವರೆಂಬ ಹೆಸರಿನ ಈ ಒಡಕು ನೂರು ವರುಷಕ್ಕೂ ಹೆಚ್ಚುಕಾಲ ಊರೂರಿನಲ್ಲಿ ಎದುರುಬದುರು ಎರಡು ಬಲಿಪೀಠಗಳನ್ನು ನಿಲ್ಲಿಸಿತು. ೩೧೪ರಲ್ಲಿ ಆರ್ಲಿನಲ್ಲಿ ಕೂಡಿದ ಅಧ್ಯಕ್ಷರು, ಒಪ್ಪಿಸಿದವನು ದಾಖಲೆಯಿಂದ ರುಜುವಾದರೆ ಉದ್ಯೋಗ ಬಿಡಬೇಕು, ಅವನ ಕೈಯಿಂದ ನೇಮಕವಾದವರು ಮಾತ್ರ ನಿಲ್ಲಬೇಕೆಂದು ತೀರ್ಮಾನಿಸಿದರು. ಅಲೆಕ್ಸಾಂದ್ರಿಯದ ಅಧ್ಯಕ್ಷನಾದ ಪೇತ್ರನು ೩೦೬ರಲ್ಲಿ ಮಾಡಿದ ಕ್ರಮವು ನಮಗೆ ಇನ್ನೂ ಹೆಚ್ಚು ಮೆಚ್ಚಿಕೆಯಾಗುತ್ತದೆ. ಬಹಳ ಯಾತನೆಪಟ್ಟು ಬಿದ್ದವರಿಗೆ ಇನ್ನು ೪೦ ದಿವಸದ ಉಪವಾಸ ಸಾಕೆಂದನು. ತಾವು ತಪ್ಪಿಸಿಕೊಂಡು ತಮ್ಮ ಕ್ರೈಸ್ತ ದಾಸರನ್ನು ಬಲಿಗೆ ಕಳುಹಿಸಿದ ಯಜಮಾನರೂ ಇದ್ದರು; ಆ ದಾಸರಿಗೆ ಒಂದು ವರುಷ, ಯಜಮಾನರಿಗೆ ಮೂರು ವರುಷ ಪ್ರಾಯಶ್ಚಿತ್ತ ನೇಮಿಸಿದನು. ಒಡೆಯನ ಹೊಲದಲ್ಲಿ ದುಡಿಯುವವನ ಹೆದರಿಕೆ ಎಂಥದ್ದೆಂದು ಆ ಮನುಷ್ಯನು ಬಲ್ಲವನಾಗಿದ್ದನು. ಅವನು ತಾನೇ ೩೧೧ರಲ್ಲಿ ರಕ್ತಸಾಕ್ಷಿಯಾದನು.

ದಿಯೊಕ್ಲೇತಿಯಾನನು ೩೦೩ರ ನವೆಂಬರಿನಲ್ಲಿ ರೋಮಾಪುರದಲ್ಲಿ ತನ್ನ ಇಪ್ಪತ್ತನೆಯ ವರುಷದ ಉತ್ಸವವನ್ನು ನಡಿಸಿ, ಆ ಜನರ ಸಲಿಗೆಯ ಮಾತುಗಳನ್ನು ತಾಳಲಾರದೆ ಚಳಿಯಲ್ಲಿಯೇ ಹೊರಟು ರೋಗಿಯಾದನು. ಸತ್ತನೆಂದು ಸುದ್ದಿ ಹುಟ್ಟಿತು. ೩೦೫ನೇ ಮಾರ್ಚಿಯಲ್ಲಿ ಹೊರಗೆ ಬಂದಾಗ ಅವನ ಗುರುತೇ ಹತ್ತದಂತಿತ್ತು. ಮೇ ೧ರಲ್ಲಿ, ತಾನು ಪಟ್ಟ ಪಡೆದ ಅದೇ ಬೈಲಿನಲ್ಲಿ ದಂಡಿನ ಮುಂದೆ ರಾಜವಸ್ತ್ರವನ್ನು ತೆಗೆದು ಮತ್ತೊಬ್ಬನ ಮೇಲೆ ಹೊದಿಸಿ, ಬಂಡಿ ಹತ್ತಿ ಸ್ವದೇಶಕ್ಕೆ ಹೋದನು. ಅದೇ ದಿನ ಮಕ್ಸಿಮಿಯಾನನೂ ಮನಸ್ಸಿಲ್ಲದ ಮನಸ್ಸಿನಿಂದ ಇಳಿದನು. ತಾನಾಗಿ ಕೈಸರಪಟ್ಟವನ್ನು ಬಿಟ್ಟುಕೊಟ್ಟವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ಇದು ಅವನಿಗೆ ಸಲ್ಲತಕ್ಕ ಹೊಗಳಿಕೆ. ಸಲೋನದ ಹತ್ತಿರ, ಈಗ ಸ್ಪ್ಲಿತ್ ಎಂದು ಕರೆಯುವ ಸ್ಥಳದಲ್ಲಿ, ಸಮುದ್ರತೀರದ ಮೇಲೆ ಕೋಟೆಯಂಥಾ ಅರಮನೆಯನ್ನು ಕಟ್ಟಿಸಿ ಕಾಯಿಪಲ್ಯದ ತೋಟ ಮಾಡಿಕೊಂಡು ವಾಸವಾದನು.

ಅವನು ಬಿಟ್ಟುಬಂದ ಏರ್ಪಾಡು ಒಂದೆರಡು ವರುಷವೂ ನಿಲ್ಲಲಿಲ್ಲ. ಮಕ್ಕಳಿದ್ದ ಕೈಸರರು ಮಕ್ಕಳನ್ನು ಬಿಟ್ಟು ಪರರಿಗೆ ಪಟ್ಟ ಕೊಡುವರೇ? ೩೦೬ರಲ್ಲಿ ಕೊನ್ಸ್ತಾಂತಿಯನು ಸಾಯಲು, ದಂಡು ಅವನ ಮಗನಾದ ಕೊನ್ಸ್ತಂತೀನನನ್ನು ಎತ್ತಿತು. ಮಕ್ಸಿಮಿಯಾನನ ಮಗನೂ ಎದ್ದನು. ೩೦೮ರಲ್ಲಿ ಮಕ್ಸಿಮಿಯಾನನೇ ಬಂದು ತಿರಿಗಿ ಆಳಬೇಕೆಂದು ಬೇಡಿಕೊಂಡಾಗ, ತನ್ನ ಕೈಯಿಂದ ನೆಟ್ಟ ಕೋಸಿನ ಗಿಡಗಳನ್ನು ಅವನು ನೋಡಿದ್ದರೆ ಇಂಥಾ ಮಾತನ್ನೆತ್ತುತ್ತಿರಲಿಲ್ಲವೆಂದು ಮುದುಕನು ಉತ್ತರಕೊಟ್ಟನಂತೆ. ೩೧೧ನೇ ಏಪ್ರಿಲ್ ೩೦ರಲ್ಲಿ ಗಲೇರಿಯನು ಭಯಂಕರ ರೋಗದಿಂದ ಹಾಸಿಗೆಹಿಡಿದು, ಹಿಂಸೆಯನ್ನು ನಿಲ್ಲಿಸಿ ಕ್ರೈಸ್ತರು ತನಗಾಗಿ ಪ್ರಾರ್ಥಿಸಬೇಕೆಂದು ಪತ್ರ ಹೊರಡಿಸಿ, ಕೆಲವು ದಿವಸಗಳಲ್ಲಿಯೇ ಸತ್ತನು. ವಿಧವೆಯಾದ ವಲೇರಿಯಳನ್ನು ಮಕ್ಸಿಮೀನ ದಾಯನೆಂಬ ಕೈಸರನು ಮದುವೆಗೆ ಕೇಳಲು, ಅವಳು ಒಪ್ಪದ ಕಾರಣ ತಾಯಿಸಹಿತ ಸಿರಿಯದ ಅಡವಿಗೆ ಅಟ್ಟಲ್ಪಟ್ಟಳು. ಮಗಳನ್ನು ತನ್ನ ಬಳಿಗೆ ಕಳುಹಿಸಬೇಕೆಂದು ತಂದೆಯು ಮತ್ತೆ ಮತ್ತೆ ಬೇಡಿಕೊಂಡನು, ಯಾರೂ ಕೇಳಲಿಲ್ಲ. ಒಂದು ಕಾಲದಲ್ಲಿ ಅವನ ವಸ್ತ್ರದ ಅಂಚಿಗೆ ಮುದ್ದಿಡುವದಕ್ಕೆ ಅಪ್ಪಣೆ ಕಾಯುತ್ತಿದ್ದವರೇ ಇವರು. ಅವನು ತೀರಿಹೋದ ತರುವಾಯ, ತಾಯಿಮಕ್ಕಳು ಬಡವರ ಬಟ್ಟೆಯಲ್ಲಿ ಹದಿನೈದು ತಿಂಗಳು ಅಲೆದಾಡಿ, ಥೆಸಲೊನೀಕದಲ್ಲಿ ಗುರುತುಹಿಡಿಯಲ್ಪಟ್ಟು, ಲಿಕೀನಿಯನ ಆಜ್ಞೆಯಿಂದ ಜನರ ಮುಂದೆ ಶಿರಚ್ಛೇದನಹೊಂದಿದರು. ಅವರ ದೇಹಗಳನ್ನು ಸಮುದ್ರಕ್ಕೆ ಹಾಕಿದರು.

ರಾಜ್ಯವಾದರೋ ಅವನು ಹಾಕಿದ ಕಟ್ಟಿನಲ್ಲಿಯೇ ಮುಂದೆ ನಡೆಯಿತು. ೩೧೩ರಲ್ಲಿ ಸಭೆಗೆ ಪೂರ್ಣ ಬಿಡುಗಡೆ ಕೊಟ್ಟು, ೩೨೪ರಲ್ಲಿ ಒಬ್ಬನೇ ಅರಸನಾದ ಕೊನ್ಸ್ತಂತೀನನು ಅವನ ಸೀಮೆಗಳನ್ನೂ ಕಂದಾಯವನ್ನೂ ಉಳಿಸಿಕೊಂಡನು. ೩೩೦ರಲ್ಲಿ ಪೂರ್ವದಲ್ಲಿ ಹೊಸ ರಾಜಧಾನಿಯನ್ನು ಪ್ರತಿಷ್ಠಿಸಿದನು. ೩೯೫ರಿಂದ ಪೂರ್ವಪಶ್ಚಿಮಗಳು ಕೂಡಲೇ ಇಲ್ಲ. ಗೆರ್ಮಾನ್ಯ ಜಾತಿಗಳು ೪೧೦ರಲ್ಲಿ ರೋಮಾಪುರವನ್ನು ಸೂರೆಮಾಡಿದವು. ೪೭೬ರಲ್ಲಿ ಪಶ್ಚಿಮದ ಕಡೆಯ ಕೈಸರನು ಇಳಿಸಲ್ಪಟ್ಟನು. ಪೂರ್ವಭಾಗವು ೧೪೫೩ರಲ್ಲಿ ತುರುಕರು ಗೆಲ್ಲುವ ವರೆಗೂ ನಿಂತಿತು. ಹಗೆಗಳ ಬಲವೊಂದೇ ಪಶ್ಚಿಮವನ್ನು ಕೆಡವಲಿಲ್ಲ. ಮನೆಗೆ ಕೊಟ್ಟ ಊರೆಗೋಲುಗಳ ಭಾರವೆಲ್ಲಾ ಉಳುವವನ ಹೆಗಲ ಮೇಲೆ ನಿಂತಿತ್ತು. ಹೊಸ ಅರಸರು ಬಂದಾಗ ಆ ಉಳುವವನು ಹಳೆಯವರಿಗಾಗಿ ಕಾದಾಡುವದಕ್ಕೆ ಕಾರಣವನ್ನು ಕಾಣಲಿಲ್ಲವೆಂದು ನಾವು ಎಣಿಸುತ್ತೇವೆ.

ಐಗುಪ್ತದ ಕೊಪ್ತ ಸಭೆಯವರು ಇಂದಿಗೂ ವರುಷಗಳನ್ನು ಅವನು ಪಟ್ಟಕ್ಕೆ ಬಂದ ೨೮೪ರಿಂದ ಎಣಿಸುತ್ತಾರೆ; ರಕ್ತಸಾಕ್ಷಿಗಳ ಶಕವೆಂದು ಅದಕ್ಕೆ ಹೆಸರು. ಸಲೋನ ಪಟ್ಟಣವು ಏಳನೆಯ ಶತಮಾನದಲ್ಲಿ ಹಾಳಾದಾಗ ಅಲ್ಲಿನ ಜನರು ಓಡಿಬಂದು ಅವನ ಅರಮನೆಯ ಗೋಡೆಗಳೊಳಗೆ ಮನೆಮಾಡಿಕೊಂಡರು. ಚಕ್ರವರ್ತಿಯ ಶವಕ್ಕಾಗಿ ಎಂಟು ಮೂಲೆಯಾಗಿ ಕಟ್ಟಿದ್ದ ಸಮಾಧಿಮನೆಯನ್ನು ದೇವಾಲಯಮಾಡಿ, ಅವನ ಹಿಂಸೆಯಲ್ಲಿ ೩೦೪ರಲ್ಲಿ ಸತ್ತ ಸಲೋನದ ಸಭಾಧ್ಯಕ್ಷನಾದ ದೊಮ್ನಿಯನ ಹೆಸರಿನಿಂದ ಅದನ್ನು ಕರೆದರು. ಚಕ್ರವರ್ತಿಯ ಕಲ್ಲಿನ ಪೆಟ್ಟಿಗೆಯು ಅಲ್ಲಿಲ್ಲ. ಆರಾಧನೆಯು ಅಲ್ಲಿ ಈಗಲೂ ನಡೆಯುತ್ತದೆ.